ಐದನೇ ಯಾಕೆ

ನಮ್ಮ ದೊಡ್ಡಮ್ಮನ ಅಕ್ಷರ ಚೆನ್ನಾಗಿತ್ತು. ಆದದ್ದಕ್ಕೆಲ್ಲ ಮೂಲ ಹುಡುಕುತ್ತಾ ಹಿಂದೆ ಹಿಂದೆ ಹೋದರೆ ನಾನು ಬಂದು ನಿಲ್ಲುವುದು ಅಲ್ಲಿಯೇ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಓದಿದ್ದು ಕಡಿಮೆ. ಆದರೆ ಬರೆಯಲು ಕೂತರೆ ಅಚ್ಚು ಹಾಕಿದ ಹಾಗೆ, ಒಂದು ಅಕ್ಷರದ ತಲೆಕಟ್ಟು ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಬೀದಿಯವರ ಅರ್ಜಿ, ಶಾಲೆಗೆ ಕೊಡುವ ರಜೆ ಚೀಟಿ, ನಲ್ಲಿ ನೀರು ಬರಲಿಲ್ಲವೆಂಬ ದೂರು, ಎಲ್ಲ ಅವಳ ಕೈಯಿಂದಲೇ ಹೋಗುತ್ತಿದ್ದವು. ಬರೆದುಕೊಟ್ಟು, "ಓದಿ ನೋಡ್ಕೊಳ್ಳಿ, ನೀವು ಹೇಳಿದ್ದಕ್ಕಿಂತ ಸ್ವಲ್ಪ ಚೆನ್ನಾಗಿದೆ" ಎನ್ನುತ್ತಿದ್ದಳು. ನಗುತ್ತಿದ್ದಳು. ನಾವು ಅದನ್ನು ತಮಾಷೆ ಎಂದುಕೊಂಡಿದ್ದೆವು.

ಅವಳು ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದು ಒತ್ತಡ ಅಳೆಯುವ ಮೀಟರು ತಯಾರಿಸುವ ಕಾರ್ಖಾನೆಯಲ್ಲಿ. ಗ್ಯಾಸ್ ಸಿಲಿಂಡರಿಗೆ, ಬಾಯ್ಲರಿಗೆ, ಆಸ್ಪತ್ರೆಯ ಆಮ್ಲಜನಕದ ಕೊಳವೆಗೆ ಹಾಕುವ, ಅಂಗೈ ಅಗಲದ ದುಂಡನೆಯ ಮೀಟರು. ಬಿಳಿ ಮುಖ, ಕಪ್ಪು ಗೆರೆಗಳು, ನಡುವೆ ಒಂದು ಮುಳ್ಳು. ಆ ಮುಳ್ಳನ್ನು ಸೂಜಿಯಂಥ ಕಡ್ಡಿಯ ತುದಿಗೆ ಚಿಮಟದಲ್ಲಿ ಹಿಡಿದಿಟ್ಟು, ಸೊನ್ನೆಯ ಗೆರೆಗೆ ಸರಿಯಾಗಿ ನಿಲ್ಲಿಸಿ, ಬೆರಳುದ್ದದ ಸುತ್ತಿಗೆಯಿಂದ ಒಂದೇ ಒಂದು ತಟ್ಟು ತಟ್ಟಬೇಕು. ಜೋರಾದರೆ ಕಡ್ಡಿ ಬಾಗುತ್ತದೆ. ಮೆಲ್ಲಗಾದರೆ ಮುಳ್ಳು ಸಡಿಲವಾಗುತ್ತದೆ. ಕಿಟಕಿಯ ಪಕ್ಕದ ಉದ್ದನೆಯ ಮೇಜಿನಲ್ಲಿ ಹನ್ನೊಂದು ಜನ ಹೆಂಗಸರು ಸಾಲಾಗಿ ಕೂರುತ್ತಿದ್ದರು, ಒಬ್ಬಳನ್ನು ಬಿಟ್ಟು ಎಲ್ಲರದ್ದೂ ಇದೇ ಕೆಲಸ. ಕಾರ್ಖಾನೆಯಲ್ಲಿ ಅದಕ್ಕೆ ಮುಳ್ಳಿನ ಮೇಜು ಎಂದೇ ಹೆಸರು.

ಆ ಮೇಜಿನಲ್ಲಿ ದೊಡ್ಡಮ್ಮನ ಎಡಕ್ಕೆ ಕೂರುತ್ತಿದ್ದವಳು ಅವಳ ನಾದಿನಿ, ದೊಡ್ಡಪ್ಪನ ತಂಗಿ. ಏಳು ವರ್ಷ ಸಂಸಾರ ಮಾಡಿ ಒಂದೇ ಒಂದು ಕೈಚೀಲ ಹಿಡಿದುಕೊಂಡು ಅಣ್ಣನ ಮನೆಗೆ ವಾಪಸು ಬಂದವಳು. ಏಳು ವರ್ಷವೂ ಗಂಡ ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆಯಂತೆ, "ಕೈಲಾಗದವಳು" ಎಂದೇ ಕರೆಯುತ್ತಿದ್ದನಂತೆ. ಬಂದ ಮರುವಾರವೇ ದೊಡ್ಡಮ್ಮ ಅವಳನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿ ತನ್ನ ಪಕ್ಕ ಕೂರಿಸಿಕೊಂಡಳು. ಮೂರು ತಿಂಗಳಲ್ಲಿ ನಾದಿನಿಯ ಕೈ ಮೇಜಿನಲ್ಲೇ ಒಳ್ಳೆಯ ಕೈಯಾಯಿತು. ಮಾತಾಡುತ್ತಾ, ಬೇರೆ ಕಡೆ ನೋಡುತ್ತಾ ಮುಳ್ಳು ಕೂರಿಸುತ್ತಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಉಳಿದವರು ಅತ್ತಿಗೆ, ನಾದಿನಿ ಇಬ್ಬರೇ. ಒಂದೇ ಬಾಗಿಲಿನಿಂದ ಹೊರಟು, ಒಂದೇ ಮೇಜಿನಲ್ಲಿ ಕೂತು, ಒಂದೇ ಬಾಗಿಲಿಗೆ ಮರಳುತ್ತಿದ್ದರು.

ಕಾರ್ಖಾನೆಗೆ ಸುಧಾರಣೆ ಬಂದದ್ದು ದೊಡ್ಡಮ್ಮ ಸೇರಿ ಹದಿನಾಲ್ಕು ವರ್ಷವಾದ ಮೇಲೆ. ಕಲಿಸಲು ಬಂದವರನ್ನು ಎಲ್ಲರೂ ಸುಧಾರಣೆ ಮೇಷ್ಟ್ರು ಎಂದರು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ಜೇಬಿನಲ್ಲಿ ಸೀಮೆಸುಣ್ಣ. ಚಿಮಟ ಎಲ್ಲಿರಬೇಕು, ಸುತ್ತಿಗೆ ಎಲ್ಲಿರಬೇಕು ಎಂದು ಮೇಜಿನ ಮೇಲೆ ಅವುಗಳ ಸುತ್ತ ಗೆರೆ ಎಳೆದರು. ಯಾರು ಎಷ್ಟು ಸಲ ಎದ್ದರು, ಎಷ್ಟು ಹೆಜ್ಜೆ ನಡೆದರು ಎಂದು ಎಣಿಸಿದರು. ಕೊನೆಗೆ ಒಂದು ಹಳದಿ ಹಾಳೆ ಕೊಟ್ಟರು. ಪರೀಕ್ಷೆಯ ಮೇಜಿನಿಂದ ಯಾವುದಾದರೂ ಮೀಟರು ಕೆಂಪು ಚೀಟಿ ಅಂಟಿಸಿಕೊಂಡು ವಾಪಸು ಬಂದರೆ, ಅದನ್ನು ಮಾಡಿದವರು ಸಂಜೆಯೊಳಗೆ ಈ ಹಾಳೆ ತುಂಬಬೇಕು. ಹಾಳೆಯಲ್ಲಿ ಮಾಡಿದವರ ಹೆಸರಿಗೆ ಜಾಗವಿರಲಿಲ್ಲ, ಮೇಜಿನ ಹೆಸರು ಮಾತ್ರ. ಕೆಳಗೆ ಐದು ಪ್ರಶ್ನೆ, ಐದೂ ಒಂದೇ: ಯಾಕೆ?

"ಒಂದನೇ ಯಾಕೆಗೆ ಬಂದ ಉತ್ತರಕ್ಕೆ ಮತ್ತೆ ಯಾಕೆ ಅಂತ ಕೇಳಿ. ಹಾಗೇ ಐದು ಸಲ. ಐದನೇದರಲ್ಲಿ ಬೇರು ಸಿಗುತ್ತೆ," ಎಂದರು ಮೇಷ್ಟ್ರು. "ಒಂದೇ ನಿಯಮ. ಐದನೇ ಉತ್ತರದಲ್ಲಿ ಮನುಷ್ಯರು ಬರಬಾರದು. ತಪ್ಪು ಮನುಷ್ಯರದ್ದಲ್ಲ, ಪದ್ಧತಿಯದ್ದು."

ಹಿಂದೆ ನಿಂತಿದ್ದ ಸೂಪರ್‌ವೈಸರ್ ಸುಮ್ಮನಿರಲಾರದೆ, "ಅಂದ್ರೆ ಕುಣಿಯಲಾರದೋಳು ನೆಲ ಡೊಂಕು ಅಂದ್ರೆ, ನೆಲಾನೇ ಸರಿಮಾಡ್ಬೇಕು ಅಂತೀರಿ" ಎಂದ.

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಹೌದು. ಮೊದಲು ನೆಲ ನೋಡಿ. ನೂರಕ್ಕೆ ತೊಂಬತ್ತು ಸಲ ನೆಲ ಡೊಂಕಾಗೇ ಇರುತ್ತೆ."

ದೊಡ್ಡಮ್ಮನಿಗೆ ಆ ಮಾತು ತುಂಬ ಹಿಡಿಸಿತು. ತನ್ನ ಜೀವಮಾನದಲ್ಲಿ ಯಾರಾದರೂ ಮೊದಲು ನೆಲವನ್ನು ನೋಡಿದ್ದನ್ನು ಅವಳು ಕಂಡಿರಲಿಲ್ಲ. ಹಾಳೆಗಳಿಂದ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ, ಒಂದು ಕೆಲಸ ಆಗದಿದ್ದರೆ ಬೇರೆ ಕೆಲಸ ಕೊಡುತ್ತೇವೆ ಎಂದೂ ಮೇಷ್ಟ್ರು ಹೇಳಿದರು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿಸಿದರು.

ಮೊದಲ ಸುಳ್ಳನ್ನು ಅವಳು ಬರೆದದ್ದು ಗಾಜಿನಕ್ಕನಿಗಾಗಿ. ಮೇಜಿನ ಕೊನೆಯಲ್ಲಿ ಕೂತು ಮುಳ್ಳು ಕೂರಿಸಿದ ಮೀಟರಿಗೆ ಗಾಜು ಹೊದಿಸುವವಳು ಗಾಜಿನಕ್ಕ. ಒಂದೇ ದಿನ ಅವಳಿಗೆ ಮೂರು ಕೆಂಪು ಚೀಟಿ ಬಂತು. ಹಾಳೆ ಹಿಡಿದುಕೊಂಡು ದೊಡ್ಡಮ್ಮನ ಹತ್ತಿರ ಬಂದಳು.

"ಗಾಜು ಯಾಕೆ ಓರೆಯಾಯ್ತು?"

"ಕಾಣಿಸ್ಲಿಲ್ಲ."

"ಯಾಕೆ ಕಾಣಿಸ್ಲಿಲ್ಲ?"

"ಕಣ್ಣು ಎಳೀತಿತ್ತು."

"ಯಾಕೆ?"

"ಅಮ್ಮ ಆಸ್ಪತ್ರೇಲಿದಾಳೆ ಕಣೇ," ಎಂದವಳೇ ಗಾಜಿನಕ್ಕ ಸೆರಗಿಗೆ ಮುಖ ಒತ್ತಿಕೊಂಡಳು.

ದೊಡ್ಡಮ್ಮ ಮುಂದಿನ ಎರಡು ಯಾಕೆಗಳನ್ನು ಕೇಳಲಿಲ್ಲ. ತಾನೇ ಬರೆದಳು: ಕಾಣಿಸಲಿಲ್ಲ, ಏಕೆಂದರೆ ಬೆಳಕು ಸಾಲದು, ಏಕೆಂದರೆ ದೀಪ ಮೇಜಿನ ನಡುವೆ ಮಾತ್ರ ಇದೆ, ಏಕೆಂದರೆ ಮೇಜು ಉದ್ದ ಮಾಡಿದಾಗ ದೀಪ ಸೇರಿಸಲಿಲ್ಲ, ಏಕೆಂದರೆ ಹಾಗೆ ಸೇರಿಸುವ ಪದ್ಧತಿಯೇ ಇಲ್ಲ. ಎಂಟು ದಿನದಲ್ಲಿ ಗಾಜಿನಕ್ಕನ ತಲೆಯ ಮೇಲೆ ಹೊಸ ದೀಪ ಬಂತು. ಆ ವೇಳೆಗೆ ಅವಳ ತಾಯಿಯೂ ಮನೆಗೆ ಬಂದಿದ್ದರು. ಗಾಜು ಮತ್ತೆ ಓರೆಯಾಗಲಿಲ್ಲ. ಹಾಳೆಯ ಮೇಲೆ ಮೇಷ್ಟ್ರು ಹಸಿರು ಶಾಯಿಯಲ್ಲಿ "ಬೇರು ಸಿಕ್ಕಿತು" ಎಂದು ಬರೆದರು.

ಅಲ್ಲಿಂದ ಮುಂದೆ ಮುಳ್ಳಿನ ಮೇಜಿನ ಹಾಳೆಗಳೆಲ್ಲ ದೊಡ್ಡಮ್ಮನ ಕೈಗೇ ಬಂದವು. ಆಮೇಲೆ ಪಕ್ಕದ ವಿಭಾಗದವರದ್ದೂ ಬಂದವು. ಅವಳಿಗೆ ಯಾಕಮ್ಮ ಎಂದು ಹೆಸರು ಬಿತ್ತು.

"ಯಾಕಮ್ಮ, ನನ್ನ ಗಂಡ ಯಾಕೆ ಹೀಗೆ ಅಂತ ಒಂದು ಹಾಳೆ ಬರ್ಕೊಡೇ," ಎಂದು ಊಟದ ಹೊತ್ತಿನಲ್ಲಿ ಯಾರಾದರೂ ಕೆಣಕುತ್ತಿದ್ದರು.

"ಆಗಲ್ಲಮ್ಮ. ಐದನೇದರಲ್ಲಿ ಮನುಷ್ಯರು ಬರಬಾರದು. ನಿನ್ನದು ನಾಲ್ಕಕ್ಕೇ ನಿಮ್ಮತ್ತೆ ಹತ್ರ ಬಂದು ನಿಲ್ಲುತ್ತೆ."

ಜ್ವರಕ್ಕೆ, ಜಗಳಕ್ಕೆ, ನಿದ್ದೆಗೆಟ್ಟ ಕಣ್ಣಿಗೆ, ಬಸುರಿಯ ವಾಕರಿಕೆಗೆ ಅವಳು ಒಂದೊಂದು ಡೊಂಕು ನೆಲ ಹುಡುಕಿಕೊಟ್ಟಳು. ಹಾಗಾಗಿ ಮುಳ್ಳಿನ ಮೇಜಿಗೆ ಹೊಸ ಸ್ಟೂಲುಗಳು ಬಂದವು, ಕಿಟಕಿಗೆ ಪರದೆ ಬಂತು, ಕಾಲಿಗೆ ರಬ್ಬರಿನ ಚಾಪೆ ಬಂತು. ಅದನ್ನು ಸುಳ್ಳು ಎಂದರೆ ದೊಡ್ಡಮ್ಮ ಒಪ್ಪುತ್ತಿರಲಿಲ್ಲ. "ಸ್ಟೂಲು ತಗ್ಗಾಗೇ ಇತ್ತಲ್ಲ? ಇರಲಿಲ್ವಾ? ಕೇಳೋಕೆ ಒಂದು ನೆಪ ಬೇಕಿತ್ತು, ಅಷ್ಟೇ." ಅದೂ ನಿಜವೇ. ಕೂತವರ ಬೆನ್ನುನೋವು ಕಡಿಮೆಯಾಗಿತ್ತು. ಸೂಚನಾ ಫಲಕದಲ್ಲಿ ಅವಳ ಫೋಟೊ ಹಾಕಿದರು. ಫೋಟೊದಲ್ಲಿ ಅವಳು ಹಾಳೆಯನ್ನು ಎದೆಗೆ ಒತ್ತಿ ಹಿಡಿದು ಮಗುವಿನ ಹಾಗೆ ನಿಂತಿದ್ದಾಳೆ.

ನಾದಿನಿಯ ಕೈ ನಡುಗುವುದನ್ನು ಅವಳು ಮೊದಲು ಕಂಡದ್ದಲ್ಲ, ಕೇಳಿದ್ದು. ಒಂದು ರಜೆಯ ಮಧ್ಯಾಹ್ನ ಮನೆಯಲ್ಲಿ ನಾದಿನಿ ಚಹಾ ಬಗ್ಗಿಸುತ್ತಿದ್ದಳು. ಪಾತ್ರೆಯ ಅಂಚು ಲೋಟದ ಅಂಚಿಗೆ ಟಿಕ್ ಟಿಕ್ ಎಂದು ತಾಗುತ್ತಿತ್ತು. ದೊಡ್ಡಮ್ಮ ತಿರುಗಿ ನೋಡಿದಳು. ನಾದಿನಿ ಪಾತ್ರೆ ಕೆಳಗಿಟ್ಟು, "ಬಿಸಿ" ಎಂದಳು.

ಬೆಳಗ್ಗೆ ಏನೂ ಇರುತ್ತಿರಲಿಲ್ಲ. ಊಟವಾಗಿ, ಗಂಟೆ ಮೂರಾಗುತ್ತಾ ಬಂದಂತೆ ಬಲಗೈ ಬೆರಳುಗಳಲ್ಲಿ ಸಣ್ಣಗೆ, ನೀರಿನ ಮೇಲೆ ಗಾಳಿ ಸುಳಿದ ಹಾಗೆ ಒಂದು ನಡುಕ ಶುರುವಾಗುತ್ತಿತ್ತು. ನಾದಿನಿ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು ಕೆಲಸ ಮಾಡುವುದನ್ನು ಕಲಿತಳು. ಮಾತು ನಿಲ್ಲಿಸಿದಳು. ಬೇರೆ ಕಡೆ ನೋಡುವುದನ್ನೂ ಬಿಟ್ಟಳು. ಆದರೂ ಕೆಂಪು ಚೀಟಿಗಳು ಬಂದವು: ಮುಳ್ಳು ಸೊನ್ನೆಯಿಂದ ಅರ್ಧ ಗೆರೆ ಆಚೆ. ಯಾವ ಕೆಟ್ಟ ಮೀಟರೂ ಕಾರ್ಖಾನೆಯ ಬಾಗಿಲು ದಾಟಲಿಲ್ಲ, ಪರೀಕ್ಷೆಯ ಮೇಜಿನಲ್ಲೇ ಸಿಕ್ಕಿಬೀಳುತ್ತಿದ್ದವು. ಚೀಟಿ ಬಂದ ಕೂಡಲೇ ನಾದಿನಿ ಹಳದಿ ಹಾಳೆಯನ್ನು ಅತ್ತಿಗೆಯ ಕಡೆಗೆ ಸರಿಸುತ್ತಿದ್ದಳು. ಊರವರಿಗೆಲ್ಲ ಯಾಕೆ ಯಾಕೆ ಎನ್ನುವವಳು ಅವಳನ್ನು ಒಂದು ಸಲವೂ ಆ ಮಾತು ಕೇಳಲಿಲ್ಲ. ಚಿಮಟದ ತುದಿ ಸವೆದಿದೆ ಎಂದು ಬರೆದಳು, ಹೊಸ ಚಿಮಟ ಬಂತು. ಗಾಳಿಗೆ ಮುಳ್ಳು ಅಲುಗುತ್ತದೆ ಎಂದಳು, ಫ್ಯಾನು ಜರುಗಿತು. ಸಾಮಾನಿನ ಗಾಡಿ ಹಾದುಹೋಗುವಾಗ ಮೇಜು ಅದುರುತ್ತದೆ ಎಂದಳು, ಗಾಡಿಯ ದಾರಿಯನ್ನೇ ಬದಲಾಯಿಸಿದರು. ಎರಡು ವಾರ ಕಳೆಯುತ್ತಿತ್ತು. ಮತ್ತೆ ಚೀಟಿ, ಮತ್ತೆ ಹಾಳೆ. ನಾಲ್ಕು ವರ್ಷ ಹೀಗೇ ನಡೆಯಿತು.

ಒಂದೇ ಒಂದು ಸಲ ದೊಡ್ಡಮ್ಮ ಬಾಯಿಬಿಟ್ಟಳು. "ಡಾಕ್ಟರಿಗೆ ಒಂದ್ಸಲ ತೋರಿಸ್ಕೊಂಡು ಬರೋಣ್ವಾ?"

"ಏನನ್ನ?" ಎಂದಳು ನಾದಿನಿ. ಅವಳ ಮುಖ ನೋಡಿದ ದೊಡ್ಡಮ್ಮ, "ನನ್ನ ಮಂಡಿನ" ಎಂದಳು. ಹೋಗಿ ಮಂಡಿಯನ್ನೇ ತೋರಿಸಿಕೊಂಡು ಬಂದಳು ಕೂಡ.

ಆಮೇಲೆ ಸುಧಾರಣೆ ಮೇಷ್ಟ್ರು ಹೋದರು. ಹೊಸ ಮ್ಯಾನೇಜರ್ ಬಂದರು. ಎಲ್ಲರನ್ನೂ ಊಟದ ಮನೆಯಲ್ಲಿ ಸೇರಿಸಿ ಗೋಡೆಗೆ ಚಿತ್ರ ಬಿಟ್ಟು ತೋರಿಸಿದರು. ಮೂರು ಮೆಟ್ಟಿಲಿನ ಚಿತ್ರ. ಕೆಳಗಿನದು ಸುಧಾರಣೆ, ನಡುವಿನದು ಸಾಫ್ಟ್‌ವೇರ್, ಮೇಲಿನದು ತಾನೇ ಯೋಚಿಸುವ ಯಂತ್ರ. "ಮೊದಲನೇ ಮೆಟ್ಟಿಲು ನೀವು ಹತ್ತಿಸಿದ್ದೀರಿ," ಎಂದರು. ಚಪ್ಪಾಳೆ ತಟ್ಟಿದರು. ಇವರೂ ತಟ್ಟಿದರು. ಮೂರನೇ ಮೆಟ್ಟಿಲಿನ ಮೇಲೆ ಮನುಷ್ಯನ ಚಿತ್ರ ಇರಲಿಲ್ಲ ಎಂದು ಆಮೇಲೆ ನೆನಪು ಮಾಡಿಕೊಂಡವಳು ಗಾಜಿನಕ್ಕ.

ಸಾಫ್ಟ್‌ವೇರ್ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮೆತ್ತನೆಯ ಮಾತು. ಹನ್ನೆರಡು ವರ್ಷದ ಹಳದಿ ಹಾಳೆಗಳನ್ನು ಬೀರುಗಳಿಂದ ಇಳಿಸಿ ಒಂದೊಂದಾಗಿ ಯಂತ್ರಕ್ಕೆ ಓದಿಸಬೇಕು. ಯಾವ ತಪ್ಪು ಯಾವ ಕಾರಣದಿಂದ ಬರುತ್ತದೆ ಎಂದು ಸಾಫ್ಟ್‌ವೇರ್ ಕಲಿಯುತ್ತದೆ. ಕಲಿತ ಮೇಲೆ ನಾಳೆ ಆಗುವ ತಪ್ಪನ್ನು ಇವತ್ತೇ ಹೇಳುತ್ತದೆ. ಆದರೆ ಕಾರ್ಖಾನೆಯವರ ಕೈಬರಹ ಯಂತ್ರಕ್ಕೆ ಹತ್ತಲಿಲ್ಲ. ಎಣ್ಣೆ ಮೆತ್ತಿದ, ಸೊಟ್ಟಗೆ ಓಡುವ, ಒಂದಕ್ಕೊಂದು ಹತ್ತಿಕೊಂಡ ಅಕ್ಷರಗಳು. ಹಾಳೆಯ ಮೇಲೆ ಹಾಳೆಯನ್ನು ಅದು ಉಗುಳಿತು. ಒಬ್ಬರ ಅಕ್ಷರವನ್ನು ಮಾತ್ರ ಒಂದೂ ತಪ್ಪಿಲ್ಲದೆ ಓದಿತು.

ಮೇಡಂ ಹಾಳೆಯೊಂದನ್ನು ಹಿಡಿದು ಮುಳ್ಳಿನ ಮೇಜಿಗೇ ಬಂದಳು. "ಇದು ಯಾರ ಅಕ್ಷರ?"

ಹತ್ತು ಚಿಮಟಗಳು ದೊಡ್ಡಮ್ಮನ ಕಡೆ ತಿರುಗಿದವು.

"ಅಮ್ಮಾ, ನೀವಿಲ್ಲದೆ ಇದ್ದಿದ್ರೆ ನಮ್ಮ ಕೆಲಸ ನಿಂತೇ ಹೋಗ್ತಿತ್ತು. ಯಂತ್ರ ಓದಿರೋದರಲ್ಲಿ ಮುಕ್ಕಾಲು ಪಾಲು ನಿಮ್ಮದೇ."

ದೊಡ್ಡಮ್ಮನಿಗೆ ಆಗ ಭಯವಾಗಬೇಕಿತ್ತು. ಆಯಿತಂತೆ ಕೂಡ. ಆದರೆ ಅದಕ್ಕಿಂತ ಮೊದಲು ಹೆಮ್ಮೆಯಾಯಿತು. ಎರಡು ವಾರ ಅವಳನ್ನು ಮೇಡಂ ಪಕ್ಕ ಗಾಜಿನ ಕೋಣೆಯಲ್ಲಿ ಕೂರಿಸಿದರು. ಎಲ್ಲಾದರೂ ಅಕ್ಷರ ಮಸುಕಾಗಿದ್ದರೆ ಓದಿ ಹೇಳಬೇಕು. ಪರದೆಯ ಮೇಲೆ ಅವಳ ಹಾಳೆಗಳು ಒಂದರ ಹಿಂದೆ ಒಂದು ಬಂದವು. ಬೆಳಕು ಸಾಲದು. ಸ್ಟೂಲು ತಗ್ಗು. ಚಿಮಟದ ತುದಿ ಸವೆದಿದೆ. "ಇದು ಸರೀನಾ ಅಮ್ಮಾ?" ಎಂದು ಮೇಡಂ ಕೇಳುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಅಕ್ಷರದ ವಿಷಯ. "ಸರಿ" ಎನ್ನುತ್ತಿದ್ದಳು ದೊಡ್ಡಮ್ಮ. ಎರಡು ವಾರ ಅವಳು ಸರಿ ಎಂದದ್ದಕ್ಕೆ ಲೆಕ್ಕವಿಲ್ಲ.

ಮೂರು ತಿಂಗಳ ಮೇಲೆ ಸಾಫ್ಟ್‌ವೇರ್ ಕಲಿತು ಮುಗಿಸಿತು. ಮ್ಯಾನೇಜರ್ ಮುಳ್ಳಿನ ಮೇಜಿನವರನ್ನು ಮಾತ್ರ ಕರೆದರು. ಈ ಮೇಜಿನಲ್ಲಿ ಇನ್ನೂ ಉಳಿದಿರುವುದು ಒಂದೇ ತಪ್ಪು, ಮುಳ್ಳು ಅರ್ಧ ಗೆರೆ ಆಚೆ. ಅದಕ್ಕೆ ಅರವತ್ತೊಂದು ಕಾರಣ ಬರೆದಿದ್ದಾರೆ. ಅರವತ್ತೊಂದನ್ನೂ ಸರಿಮಾಡಿದ್ದಾಗಿದೆ. ತಪ್ಪು ಹೋಗಿಲ್ಲ. ಬೆಳಕಲ್ಲ, ಸ್ಟೂಲಲ್ಲ, ಚಿಮಟವಲ್ಲ, ಗಾಳಿಯಲ್ಲ ಎಂದ ಮೇಲೆ ಕೈಯಿಂದ ಮುಳ್ಳು ಕೂರಿಸುವ ಪದ್ಧತಿಯಲ್ಲೇ ದೋಷ ಇದೆ. ಸಾಫ್ಟ್‌ವೇರ್ ಹೇಳಿದ್ದು ಇಷ್ಟು. ಯಂತ್ರದ ಕೈ ಬರುತ್ತದೆ. ಹನ್ನೊಂದು ಜನರನ್ನೂ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡುತ್ತಾರೆ.

ಸೂಪರ್‌ವೈಸರನ ಹಳೆಯ ಮಾತನ್ನು ಯಾರೋ ಮ್ಯಾನೇಜರ್ ಕಿವಿಗೂ ಹಾಕಿದ್ದರೆಂದು ಕಾಣುತ್ತದೆ. "ಹನ್ನೆರಡು ವರ್ಷ ನೆಲ ಸರಿಮಾಡಿದ್ದಾಯ್ತು," ಎಂದರು. "ಇನ್ನು ಕುಣಿಯೋರನ್ನೇ ಬದಲಾಯಿಸ್ಬೇಕು."

ಮೇಜಿಗೆ ಬಂದು ಕೂತ ಮೇಲೆ ಯಾರೂ ಚಿಮಟ ಮುಟ್ಟಲಿಲ್ಲ. ಗಾಜಿನಕ್ಕನೇ ಕೊನೆಗೆ, "ಯಾಕಮ್ಮ, ಒಂದು ಹಾಳೆ ಬರಿಯೇ. ಈ ಸಲ ಸ್ವಲ್ಪ ದೊಡ್ಡದಾಗೇ ಬರಿ" ಎಂದಳು. ತಮಾಷೆಗೆ ಹೇಳಿದಳೋ ಬೇಡಿದಳೋ ಗೊತ್ತಾಗಲಿಲ್ಲ. ನಾದಿನಿ ತಲೆ ಎತ್ತದೆ ಟ್ರೇಯಲ್ಲಿದ್ದ ಮುಳ್ಳುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

ಮುಂದಿನ ನಾಲ್ಕು ದಿನ ದೊಡ್ಡಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತರೆ ನಲ್ಲಿ ನಿಲ್ಲಿಸಲು ಮರೆಯುತ್ತಿದ್ದಳು. ಲೆಕ್ಕ ಸುಲಭವಿತ್ತು. ತಪ್ಪು ಮೇಜಿನದಲ್ಲ, ಒಬ್ಬಳ ಕೈಯದ್ದು, ಅದೂ ಮಧ್ಯಾಹ್ನದ ಮೇಲೆ ಮಾತ್ರ ಎಂದು ಹೇಳಿಬಿಟ್ಟರೆ ಹತ್ತು ಜನ ಉಳಿಯುತ್ತಾರೆ. ಆ ಒಬ್ಬಳಿಗೂ ಬೇರೆ ಕೆಲಸ ಕೊಡಬೇಕು, ಬಾಗಿಲ ಮೇಲಿನ ಚೌಕಟ್ಟಿನಲ್ಲಿ ಬರೆದಿದೆಯಲ್ಲ. ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸವಾದರೂ ಸಿಗುತ್ತದೆ. ಆದರೆ ಹೇಳುವುದು ಯಾರ ಕೈಯನ್ನು, ಯಾರ ಮುಂದೆ? ಕೈಲಾಗದವಳು ಎಂಬ ಮಾತನ್ನು ದಾಟಿಬಂದವಳನ್ನು ಮತ್ತೆ ಅದೇ ಮಾತಿನ ಮುಂದೆ ಕೈಹಿಡಿದು ಕರೆದೊಯ್ದು ನಿಲ್ಲಿಸಬೇಕು. ಇನ್ನೊಂದು ಕಡೆ ಗಾಜಿನಕ್ಕ, ಅವಳ ತಾಯಿ, ಮೇಜಿನ ಮತ್ತೆ ಒಂಬತ್ತು ಜನ. ನಾದಿನಿಗೆ ಮೊದಲು ಹೇಳಿ ಹೋಗಬೇಕಿತ್ತು. ಅದೊಂದನ್ನು ಅವಳು ಮಾಡಲಿಲ್ಲ. ಧೈರ್ಯ ಸಾಲಲಿಲ್ಲ.

ಐದನೇ ದಿನ ಬೆಳಗ್ಗೆ ಗಾಜಿನ ಕೋಣೆಗೆ ಹೋಗಿ ಸಾಫ್ಟ್‌ವೇರ್ ಮೇಡಂ ಎದುರು ನಿಂತಳು. "ನಾನು ಬರೆದಿದ್ದು ನಿಜ ಅಲ್ಲಮ್ಮ," ಎಂದಳು. ಎಲ್ಲವನ್ನೂ ಹೇಳಿದಳು. "ನನ್ನ ನಾದಿನಿಗೆ ಕೈ ನಡುಗುತ್ತೆ. ಅದನ್ನ ಬರ್ಕೊಳ್ಳಿ. ಆಮೇಲೆ ನಿಮ್ಮ ಯಂತ್ರ ಏನು ಹೇಳುತ್ತೆ ನೋಡಿ."

ಹುಡುಗಿ ಒಳ್ಳೆಯವಳು. ಮುಖ ಸಿಂಡರಿಸಲಿಲ್ಲ. ಹೊಸ ಹಾಳೆಯೊಂದನ್ನು ಪರದೆಯ ಮೇಲೆ ತೆರೆದಳು. ಕಾರಣ ಎಂಬಲ್ಲಿ ಒತ್ತಿದಳು. ಉದ್ದನೆಯ ಪಟ್ಟಿಯೊಂದು ಕೆಳಗಿಳಿಯಿತು. ಬೆಳಕು, ಆಸನ, ಚಿಮಟ, ಗಾಳಿ, ಅದುರು, ಟ್ರೇ, ಚಾಪೆ. ಮೇಲಿಂದ ಕೆಳಗೆ ಎರಡು ಸಲ ನೋಡಿದಳು.

"ಇದರಲ್ಲಿ ಕೈ ಅಂತ ಇಲ್ಲ ಅಮ್ಮಾ."

"ಯಾಕಿಲ್ಲ?"

"ಈ ಪಟ್ಟಿ ಮಾಡಿದ್ದೇ ಹಳೇ ಹಾಳೆಗಳಿಂದ. ಹನ್ನೆರಡು ವರ್ಷದಲ್ಲಿ ಯಾರೂ ಕೈ ಅಂತ ಬರೆದೇ ಇಲ್ಲ." ಪಟ್ಟಿಯ ಕೊನೆಗೆ ಇಳಿದು, "ಇತರೆ ಅಂತ ಇದೆ. ಅದರಲ್ಲಿ ಹಾಕ್ಲಾ?"

"ಹಾಕಿ."

"ಹಾಕ್ತೀನಿ. ಆದ್ರೆ ಇತರೆ ಅಂತ ಹಾಕಿದ್ದನ್ನ ಸಾಫ್ಟ್‌ವೇರ್ ಲೆಕ್ಕಕ್ಕೆ ತಗೊಳ್ಳಲ್ಲ."

ಆದರೂ ಅವಳು ದೊಡ್ಡಮ್ಮನನ್ನು ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದಳು. ಮ್ಯಾನೇಜರ್ ನಿಂತುಕೊಂಡೇ ಎಲ್ಲ ಕೇಳಿದರು.

"ಅಮ್ಮಾ, ಹನ್ನೆರಡು ವರ್ಷ ನಿಮ್ಮ ಕೈಯಾರೆ ಒಂದು ಬರೆದಿದ್ದೀರಿ. ಇವತ್ತು ಮೇಜು ಹೋಗುತ್ತೆ ಅಂದ ತಕ್ಷಣ ಇನ್ನೊಂದು ಹೇಳ್ತೀರಿ. ನಾನು ಯಾವುದನ್ನ ನಂಬಲಿ?"

"ಇವತ್ತಿನದನ್ನ ಸರ್."

"ಸರಿ. ಕರೀರಿ ಅವರನ್ನ. ಇಲ್ಲೇ ನೋಡಿಬಿಡೋಣ."

"ಈಗ ಬೇಡ ಸರ್. ಮಧ್ಯಾಹ್ನ ಮೂರಕ್ಕೆ ನೋಡಿ. ಬೆಳಗ್ಗೆ ಹೊತ್ತು ಅದು ಗೊತ್ತಾಗಲ್ಲ."

"ಮಧ್ಯಾಹ್ನ ನನಗೆ ಮೀಟಿಂಗ್ ಇದೆ," ಎಂದರು ಮ್ಯಾನೇಜರ್.

ಪರೀಕ್ಷೆಯ ಮೇಜಿನ ಮೂಲೆಯಲ್ಲಿ ಜಾಗ ಮಾಡಿದರು. ಹತ್ತು ಮೀಟರು, ಹತ್ತು ಮುಳ್ಳು, ಒಂದು ಚಿಮಟ, ಒಂದು ಸುತ್ತಿಗೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ ಬಂದ ನಾದಿನಿಗೆ ವಿಷಯ ಏನೆಂದು ಹೇಳಿದವನು ಸೂಪರ್‌ವೈಸರ್. "ನಿಮಗೆ ಕೈ ನಡುಗುತ್ತಂತಲ್ಲಮ್ಮ, ನಿಮ್ಮ ಅತ್ತಿಗೆ ಹೇಳ್ತಿದಾರೆ." ನಾದಿನಿ ಅತ್ತಿಗೆಯನ್ನು ನೋಡಿದಳು. ಹೆಚ್ಚು ಹೊತ್ತೇನೂ ಅಲ್ಲ. ಸ್ಟೂಲು ಎಳೆದುಕೊಂಡು ಕೂತಳು.

ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಕೂರಿಸುತ್ತಿದ್ದ ಹಾಗೆ ಅವಳು ಮುಳ್ಳು ಕೂರಿಸಿದಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಲಿಲ್ಲ. ಕೈಯನ್ನು ಬಿಡುಬೀಸಾಗಿ ಗಾಳಿಯಲ್ಲೇ ಹಿಡಿದು, ಮುಳ್ಳನ್ನು ಕಡ್ಡಿಯ ತುದಿಗಿಟ್ಟು ತಟ್ಟಿದಳು. ಒಂದು, ಎರಡು, ಮೂರು. ಏಳನೆಯದರ ಹೊತ್ತಿಗೆ ಕಿಟಕಿಯ ಆಚೆ ಯಾರೋ ಹೋಗುತ್ತಿದ್ದುದನ್ನು ನೋಡುತ್ತಾ ತಟ್ಟಿದಳು. ದೊಡ್ಡಮ್ಮ ಪ್ರತಿ ಸಲವೂ ಬೆರಳುಗಳನ್ನೇ ನೋಡಿದಳು. ಒಂದು ಮುಳ್ಳು, ಒಂದೇ ಒಂದು ಮುಳ್ಳು ಜಾರಲಿ ಎಂದು ಕಾದಳು. ತನ್ನ ಮನೆಯವಳ ಕೈ ನಡುಗಲಿ ಎಂದು ಹಾಗೆ ನಿಂತು ಬಯಸಿದ್ದನ್ನು ಅವಳು ನನಗೆ ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದಳು.

ಪರೀಕ್ಷೆಯವನು ಹತ್ತನ್ನೂ ಯಂತ್ರಕ್ಕೆ ಸಿಕ್ಕಿಸಿ ನೋಡಿದ. "ಹತ್ತಕ್ಕೆ ಹತ್ತು ಸರ್. ಕೂದಲೆಳೆ ವ್ಯತ್ಯಾಸ ಇಲ್ಲ."

ಮ್ಯಾನೇಜರ್ ದೊಡ್ಡಮ್ಮನ ಕಡೆ ನೋಡದೆ ಹೇಳಿದರು: "ಮೇಜು ಉಳಿಸ್ಕೊಳ್ಳೋಕೆ ಮನೆಯವಳ ಮೇಲೇ ಹೇಳಬಾರದಿತ್ತಮ್ಮ."

ಸಂಜೆ ಇಬ್ಬರೂ ಎಂದಿನ ಹಾಗೆ ಒಟ್ಟಿಗೇ ಹೊರಟರು. ಬೇರೆ ದಾರಿ ಇರಲಿಲ್ಲ. ಕಾರ್ಖಾನೆಯ ಗೋಡೆ ಮುಗಿದ ಮೇಲೆ ನಾದಿನಿ ಕೇಳಿದಳು.

"ಯಾಕೆ ಹೇಳಿದ್ರಿ?"

"ಹತ್ತು ಜನದ ಅನ್ನ ಕಣೇ."

"ಮೊದಲೇ ಯಾಕೆ ಬರೀಲಿಲ್ಲ?"

"ನೀನು ನೊಂದ್ಕೋತೀಯ ಅಂತ."

"ಇವತ್ತು ನೊಂದ್ಕೊಳ್ಳಲ್ಲ ಅಂತ ಯಾಕೆ ಅಂದ್ಕೊಂಡ್ರಿ?"

ನಾಲ್ಕು ಹೆಜ್ಜೆ ನಡೆದು ದೊಡ್ಡಮ್ಮನೂ ಒಂದು ಕೇಳಿದಳು. ಕೇಳಬಾರದಿತ್ತು. "ಒಂದನ್ನ ನೀನು ತಪ್ಪಾಗಿ ಕೂರಿಸಿದ್ರೆ ಸಾಕಿತ್ತು. ಒಂದೇ ಒಂದು. ಎಲ್ಲರೂ ಉಳೀತಿದ್ರು."

ನಾದಿನಿ ನಿಂತಳು. ಅಷ್ಟರಲ್ಲಾಗಲೇ ಅವಳ ಬಲಗೈ ಸೆರಗಿನೊಳಗೆ ಸಣ್ಣಗೆ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು.

"ಬೇಕು ಅಂತ ತಪ್ಪಾಗಿ ಕೂರಿಸೋಕೆ ನನಗೆ ಬರಲ್ಲ ಅತ್ತಿಗೆ," ಎಂದಳು. "ಬರೆಯೋಕೆ ನಿಮಗೆ ಬರುತ್ತೆ."

ತಿಂಗಳ ಕೊನೆಗೆ ಮೇಜನ್ನು ತುಂಡು ಮಾಡಿ ಹೊರಗೆ ಸಾಗಿಸಿದರು. ಬೇಕಾದವರು ತಮ್ಮ ತಲೆಯ ಮೇಲಿನ ದೀಪ ಒಯ್ಯಬಹುದು ಎಂದರಂತೆ. ಗಾಜಿನಕ್ಕ ಒಯ್ದಳು. ಹೊರಡುವಾಗ ದೊಡ್ಡಮ್ಮನ ಹತ್ತಿರ ಬಂದು, "ಬೆಳಕು ಸಾಲದು ಅಂತ ಬರೆದಿದ್ದೆಯಲ್ಲ, ನಿಜವಾಗ್ಲೂ ಸಾಲ್ತಿರಲಿಲ್ಲ ಕಣೇ" ಎಂದಳಂತೆ. ಸಮಾಧಾನಕ್ಕೆ. ಉಳಿದವರಲ್ಲಿ ಕೆಲವರು ಮಾತಾಡಿಸಲೇ ಇಲ್ಲ. ಅವಳು ಸುಳ್ಳು ಬರೆದಳೆಂದು ಸಿಟ್ಟಾದವರು ಕಡಿಮೆ. ಹೆಚ್ಚಿನವರಿಗೆ ಸಿಟ್ಟು ಬಂದದ್ದು, ಅಷ್ಟು ಒಳ್ಳೆಯ ಕೈಯ ನಾದಿನಿಯ ಮೇಲೆ ಇಲ್ಲದ ನಡುಕ ಹೊರಿಸಿದಳೆಂದು. ಹತ್ತಕ್ಕೆ ಹತ್ತು ಎಂದದ್ದನ್ನು ಎಲ್ಲರೂ ಕೇಳಿದ್ದರು.

ಎಂಟು ತಿಂಗಳು ಕಳೆದ ಮೇಲೆ ಯಾವುದೋ ಕಾಗದಕ್ಕೆ ಸಹಿ ಹಾಕಲು ಕಾರ್ಖಾನೆಯಿಂದ ಕರೆ ಬಂತು. ದೊಡ್ಡಮ್ಮ ಒಬ್ಬಳೇ ಹೋದಳು. ಕಿಟಕಿಯ ಪಕ್ಕ ಮೇಜಿದ್ದ ಜಾಗದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತೆಳ್ಳನೆಯ ಉಕ್ಕಿನ ಕೈ ಬಾಗಿ ಏಳುತ್ತಿತ್ತು. ದೀಪ ಇರಲಿಲ್ಲ. ಅದಕ್ಕೆ ಬೇಕಿರಲಿಲ್ಲ. ಬಾಗಿಲ ಮೇಲಿನ ಚೌಕಟ್ಟು ಮಾತ್ರ ಹಾಗೇ ಇತ್ತು.

ಸಾಫ್ಟ್‌ವೇರ್ ಮೇಡಂ ಓಡಿಬಂದು ಕೈ ಹಿಡಿದುಕೊಂಡಳು. "ಅಮ್ಮಾ, ನಿಮ್ಮ ಮಾತು ನಾನು ಮರೆತಿರಲಿಲ್ಲ. ಬನ್ನಿ, ಒಂದು ತೋರಿಸ್ತೀನಿ." ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ ಪಟ್ಟಿ ಇಳಿಸಿದಳು. ಬೆಳಕು, ಆಸನ, ಚಿಮಟ, ಗಾಳಿ. ಪಟ್ಟಿಯ ಕೊನೆಯಲ್ಲಿ, ಇತರೆಗಿಂತ ಒಂದೇ ಸಾಲು ಮೇಲೆ, ಹೊಸದೊಂದು ಸೇರಿತ್ತು: ಕೈ ನಡುಕ.

"ನಾನೇ ಹೇಳಿ ಹಾಕಿಸ್ದೆ," ಎಂದಳು ಹುಡುಗಿ. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ಒಳ್ಳೇದಾಯ್ತಮ್ಮ," ಎಂದಳು ದೊಡ್ಡಮ್ಮ.

ಅವಳು ಮನೆಗೆ ಬಂದಾಗ ಗಂಟೆ ಮೂರೂವರೆ. ನಾದಿನಿ ಹೊಸ್ತಿಲ ಬಳಿ ಕೂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಚಹಾ ಕುಡಿಯುತ್ತಿದ್ದಳು. ಈಗ ನಡುಕವನ್ನು ಮುಚ್ಚುವ ಗೋಜಿಗೆ ಅವಳು ಹೋಗುವುದಿಲ್ಲ. ಇಬ್ಬರ ನಡುವೆ ಮಾತು ಬೇಕಾದಷ್ಟೇ.

"ಏನಂದ್ರು?" ಎಂದಳು ನಾದಿನಿ.

"ಏನಿಲ್ಲ. ಸಹಿ ಹಾಕಿಸ್ಕೊಂಡ್ರು."

"ಇಷ್ಟೊತ್ತು ಯಾಕಾಯ್ತು?"

"ಬಸ್ಸು ತಡ," ಎಂದು ದೊಡ್ಡಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು.